ಮೂಸಿ ಕೊಟ್ಟ ಅಂಕ

ನನ್ನ ಅತ್ತೆಯ ಮೈ ಮೂಸಿ ಆರಕ್ಕೆ ನಾಲ್ಕೂವರೆ ಅಂಕ ಕೊಟ್ಟರು. ಕಾರ್ಖಾನೆಗೆ ಮೂರು. ಹಾಗಾಗಿ ಕಾರ್ಖಾನೆ ಗೆದ್ದಿತು. ತಮಾಷೆಗೆ ಹೇಳುತ್ತಿಲ್ಲ. ತಮಾಷೆ ಮಾಡುವಷ್ಟು ಹೊಟ್ಟೆ ತುಂಬಿದವಳಲ್ಲ ನಾನು.

ನಮ್ಮದು ಮೂಳೆ ಕುದಿಸುವ ಕಾರ್ಖಾನೆ. ನಮ್ಮದು ಅಂದರೆ ನಾವು ದುಡಿಯುವುದು, ಅಷ್ಟೇ. ಪೇಟೆಯ ಕಸಾಯಿಖಾನೆಗಳಿಂದ ಮೂಳೆ, ಗೊರಸು, ಕೊಬ್ಬು ಗಾಡಿಗಳಲ್ಲಿ ಬರುತ್ತದೆ. ಆ ಗಾಡಿಗಳನ್ನು ತುಂಬುವವನು, ಇಳಿಸುವವನು ನನ್ನ ಗಂಡ. ಮನೆಯೆತ್ತರದ ಹಂಡೆಗಳಲ್ಲಿ ಅದೆಲ್ಲ ದಿನವಿಡೀ ಕುದಿಯುತ್ತದೆ. ಮೇಲೆ ತೇಲಿದ ಕೊಬ್ಬು ಸೋಪಿಗೆ ಹೋಗುತ್ತದೆ, ಅಂಟು ಬಡಗಿಗಳಿಗೆ, ಪುಡಿ ಗೊಬ್ಬರಕ್ಕೆ. ಹಂಡೆ ಖಾಲಿಯಾದ ಮೇಲೆ ಏಣಿ ಇಳಿಬಿಟ್ಟು ನಾನೂ ಅತ್ತೆಯೂ ಒಳಗಿಳಿಯುತ್ತೇವೆ. ಗೋಡೆಗೆ ಹತ್ತಿಕೊಂಡದ್ದನ್ನು ಚರ್ಮ ಸುಡುವ ಕಾಸ್ಟಿಕ್ ಸೋಡಾ ಹಾಕಿ ಉಜ್ಜಬೇಕು, ಕೆರೆಯಬೇಕು. ಒಳಗೆ ಇನ್ನೂ ಬಿಸಿಯಿರುತ್ತದೆ. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳುವ ಹಾಗಿಲ್ಲ, ಕೈತುಂಬ ಕಾಸ್ಟಿಕ್. ಅತ್ತೆ ಈ ಕೆಲಸಕ್ಕೆ ಸೇರಿದಾಗ ನನ್ನ ಗಂಡ ಇನ್ನೂ ಹುಟ್ಟಿರಲಿಲ್ಲ.

ನಮ್ಮ ಹಂಡೆಯ ಕೊಬ್ಬಿನಿಂದ ಮಾಡಿದ ಸೋಪಿನಲ್ಲಿ ಮುಖ ತೊಳೆದುಕೊಂಡ ಜನ ಬಸ್ಸಿನಲ್ಲಿ ನಾವು ಹತ್ತಿದರೆ ಮೂಗು ಮುಚ್ಚಿಕೊಳ್ಳುತ್ತಾರೆ.

ಕಾರ್ಖಾನೆಯ ಹಿಂಗೋಡೆಯ ಆಚೆ ನಮ್ಮ ಓಣಿ. ಒಂದೊಂದೇ ಕೋಣೆಯ ಮನೆಗಳು, ತಗಡಿನ ಮಾಡು, ನಡುವೆ ಚರಂಡಿ. ಬೇರೆ ಕಡೆ ಮನೆ ಹುಡುಕಬಾರದೇ ಅಂತ ಕೇಳಬೇಡಿ. ಹುಡುಕಿ ಸಾಕಾಗಿದೆ. ಎಲ್ಲಿ ಕೆಲಸ ಅಂತ ಕೇಳುತ್ತಾರೆ, ಹೇಳುತ್ತೇವೆ. ಅಷ್ಟರಲ್ಲಿ ಆ ಮನೆ ಇನ್ಯಾರಿಗೋ ಕೊಟ್ಟಾಗಿರುತ್ತದೆ. ಬೀಗ ಮಾತ್ರ ತಿಂಗಳಾದರೂ ಹಾಗೇ ನೇತಾಡುತ್ತಿರುತ್ತದೆ.

ನಮಗೇನೋ ಅಭ್ಯಾಸವಾಗಿತ್ತು. ಮಗಳಿಗೆ ಆಗಲಿಲ್ಲ. ಅವಳಿಗೆ ಏಳು ವರ್ಷ, ಓಣಿಯವರೆಲ್ಲ ಗುಬ್ಬಿ ಅನ್ನುತ್ತಾರೆ. ಮುದ್ದಿಗೆ ಇಟ್ಟ ಹೆಸರಲ್ಲ, ಇರುವುದೇ ಅಷ್ಟು. ಅತ್ತ ಹಂಡೆಯ ಮುಚ್ಚಳ ತೆಗೆದರೆ ಇತ್ತ ಅವಳು ತಿಂದದ್ದನ್ನೆಲ್ಲ ಕಾರುತ್ತಾಳೆ. ತುತ್ತು ಬಾಯಿಗಿಡುತ್ತಾಳೆ, ಗಾಳಿ ತಿರುಗುತ್ತದೆ, ತಟ್ಟೆ ತಳ್ಳುತ್ತಾಳೆ. ಎತ್ತಿಕೊಂಡರೆ ಪಕ್ಕೆಲುಬು ಕೈಗೆ ಒತ್ತುತ್ತದೆ. ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿ, "ಹೊಟ್ಟೇಲಿ ಏನೂ ತೊಂದರೆ ಇಲ್ಲಮ್ಮ. ಆ ನಾತದಿಂದ ದೂರ ಇಡಿ. ಇಲ್ಲಾಂದ್ರೆ ಈ ಮಗು ಬೆಳೆಯಲ್ಲ," ಅಂದರು.

ಹೀಗಿರುವಾಗ ಸುದ್ದಿ ಬಂತು. ಹಿಂಗೋಡೆಗೆ ತಾಗಿಕೊಂಡೇ ಇನ್ನೂ ಮೂರು ಹಂಡೆ ಬರುತ್ತವಂತೆ. ನಮ್ಮ ಕಿಟಕಿಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಕಟ್ಟುವ ಮೊದಲು ಸುತ್ತಲಿನ ಜನಕ್ಕೆ, ಗಾಳಿಗೆ, ನೀರಿಗೆ ಏನಾಗುತ್ತದೆ ಅಂತ ಸರ್ಕಾರ ಪರಿಶೀಲಿಸಬೇಕು, ಅದು ಕಾನೂನು. ಆ ಕಾನೂನಿನಲ್ಲಿ ಒಂದು ಮಾತಿತ್ತು: ಸಾಮಾನ್ಯ ಮನುಷ್ಯನಿಗೆ ಸಹಿಸಲಾಗದ ವಾಸನೆ ಬರುವುದಾದರೆ ಕಟ್ಟುವಂತಿಲ್ಲ. ಇದನ್ನು ಕೇಳಿ ಓಣಿಯೆಲ್ಲ ಹಿಗ್ಗಿತು. ಬಂದು ಒಂದು ಸಲ ಉಸಿರೆಳೆದರೆ ಮುಗಿಯಿತಲ್ಲ, ಇನ್ನೇನು ಬೇಕು ಅಂದುಕೊಂಡೆವು.

ಪರಿಶೀಲನೆಗೆ ಬಂದವನಿಗೆ ನಾವು ಅಳತೆ ಸಾಹೇಬ ಅಂತ ಹೆಸರಿಟ್ಟೆವು. ವಯಸ್ಸು ನನ್ನಷ್ಟೇ. ಬೂಟಿಗೆ ಕೆಸರು ಹತ್ತಿದರೂ ಮುಖ ಸಿಂಡರಿಸಲಿಲ್ಲ. ಎಲ್ಲರಿಗೂ "ಅಮ್ಮ", "ಅಣ್ಣ" ಅನ್ನುತ್ತಿದ್ದ. ಬಯ್ಯುವವನಾಗಿದ್ದರೆ ನಾವೂ ಬಯ್ಯಬಹುದಿತ್ತು.

ಅತ್ತೆ ಹೇಳಿದರು, "ಸಾರ್, ಬಿಸಿಲಿಗೆ ಇರೋಕಾಗಲ್ಲ. ಮಗು ಒಂದು ತುತ್ತು ಉಣ್ಣಲ್ಲ. ಬಟ್ಟೆ ಒಣಗಿಸಿದ್ರೆ ಬಟ್ಟೆಗೂ ಹತ್ತುತ್ತೆ."

"ಅರ್ಥ ಆಗುತ್ತಮ್ಮ," ಅಂದ ಸಾಹೇಬ. "ಆದ್ರೆ ಅದು ನಿಮ್ಮ ಅನಿಸಿಕೆ. ಒಬ್ಬರಿಗೆ ಸಹಿಸೋಕಾಗದ್ದು ಇನ್ನೊಬ್ಬರಿಗೆ ಏನೂ ಅನಿಸದೇ ಇರಬಹುದು. ನಾನು ಯಾರ ಕಡೆಗೂ ವಾಲಬಾರದು. ಅದಕ್ಕೇ ಅಂಕಿ ಬೇಕು. ಸೊನ್ನೆಯಿಂದ ಆರರ ತನಕ. ನಾಲ್ಕು ದಾಟಿದ್ರೆ ಸಹಿಸಲಾಗದ್ದು ಅಂತ ಲೆಕ್ಕ."

"ಹಾಗಾದ್ರೆ ಆರು ಹಾಕ್ಕೊಳ್ಳಿ," ಅಂದೆ ನಾನು.

ಅವನು ನಕ್ಕ. "ಹಾಗೆ ಹಾಕೋಕಾಗಲ್ಲ. ಮೂಸಿ ಹೇಳೋ ಮೂಗು ಸರಿಯಾಗಿದೆಯಾ ಅಂತ ಮೊದಲು ನೋಡಬೇಕು."

ಓಣಿಯ ಬಾಯಲ್ಲಿ ಬೆಂಚು ಹಾಕಿ ಮೂರು ಶೀಶೆ ಇಟ್ಟ. ಎರಡರಲ್ಲಿ ಬರೀ ನೀರು, ಒಂದರಲ್ಲಿ ವಾಸನೆಯ ಔಷಧಿ. ಯಾವುದರಲ್ಲಿ ವಾಸನೆಯಿದೆ ಅಂತ ತೋರಿಸಬೇಕು. ಪರೀಕ್ಷೆ ಬರೆಯದ ನಮಗೆ ಅದೇ ಒಂದು ಸಂಭ್ರಮವಾಯಿತು. ತಲೆ ಬಾಚಿಕೊಂಡು ಸಾಲಾಗಿ ನಿಂತೆವು. ನನ್ನ ಗಂಡ ಮೊದಲು ಹೋದ. ಮೂರನ್ನೂ ಮೂಸಿದ. ಮತ್ತೆ ಮೂಸಿದ. ಮಧ್ಯದ್ದನ್ನು ತೋರಿಸಿದ, ತಪ್ಪು. ಅವನ ಹಿಂದಿನವನೂ ತಪ್ಪು. ಅತ್ತೆ ಎಡಗಡೆಯದನ್ನು ತೋರಿಸಿದರು. ಸಾಹೇಬ ಮುಂದಿನವರನ್ನು ಕರೆದ.

ನನ್ನ ಸರದಿ ಬಂತು. ಶೀಶೆಯನ್ನು ಮೂಗಿಗೆ ಒತ್ತಿ ಎಳೆದೆ. ತಣ್ಣಗಿತ್ತು. ಎರಡನೆಯದೂ ತಣ್ಣಗಿತ್ತು. ಮೂರನೆಯದು ಮೂಗಿನೊಳಗೆ ಚುರ್ ಅಂದಿತು, ಆದರೆ ವಾಸನೆ ಅನ್ನುವುದು ಬರಲಿಲ್ಲ. ನನಗೆ ವಾಸನೆ ತಿಳಿಯುವುದಿಲ್ಲ ಅನ್ನುವುದು ನನಗೇ ಗೊತ್ತಿರಲಿಲ್ಲ. ಗಂಟಲು ಕೆರೆದಾಗ, ಕಣ್ಣು ಉರಿದಾಗ, ಮಗಳು ಕಾರಿದಾಗ, ನಾತ ಬಂತು ಅಂದುಕೊಳ್ಳುತ್ತಿದ್ದೆ. ಮಗಳು ಕೈಗೂಸಾಗಿದ್ದಾಗ ಅವಳ ನೆತ್ತಿ ಮೂಸಿದ್ದು ನೆನಪಿದೆ. ಆಮೇಲೆ ಏನಾದರೂ ಮೂಸಿದ್ದು ನೆನಪಾಗಲಿಲ್ಲ. ಎಲ್ಲರೆದುರು ಅಳು ಬಂತು. ಸಾಹೇಬ ಕರವಸ್ತ್ರ ಕೊಟ್ಟ. ಇಸಿದುಕೊಳ್ಳಲಿಲ್ಲ.

ಓಣಿಯಲ್ಲಿ ದುಡಿಯುವವರ ಒಂದು ಮೂಗೂ ಪಾಸಾಗಲಿಲ್ಲ. ಗುಬ್ಬಿ ಬೆಂಚಿನ ಹತ್ತಿರ ಬಂದು, ಯಾರೂ ಕೇಳದೆಯೇ, "ಇದು," ಅಂತ ಬಲಗಡೆಯ ಶೀಶೆ ತೋರಿಸಿದಳು. ಸರಿಯಾಗಿತ್ತು. ಸಾಹೇಬ ಶೀಶೆಗಳ ಜಾಗ ಬದಲಿಸಿದ. ಮತ್ತೆ ಸರಿಯಾಗಿ ತೋರಿಸಿದಳು.

"ಇವಳದ್ದು ತಗೊಳ್ಳಿ," ಅಂದ ನನ್ನ ಗಂಡ.

"ಮಕ್ಕಳ ಮೂಗು ಲೆಕ್ಕಕ್ಕೆ ಬರಲ್ಲ ಅಣ್ಣ. ನಿಮ್ಮ ಮೂಗುಗಳೂ ಬರಲ್ಲ, ಬೇಜಾರು ಮಾಡ್ಕೋಬೇಡಿ. ಹೊರಗಿಂದ ಸರಿಯಾದ ಮೂಗಿನವರನ್ನ ಕರ್ಕೊಂಡು ಬರ್ತೀನಿ."

ನಮ್ಮ ಮೂಗು ಹಾಳು ಮಾಡಿದ್ದು ಯಾರು ಅಂತ ಕೇಳಿದೆ. ಆ ಪ್ರಶ್ನೆ ಈ ಪರಿಶೀಲನೆಯಲ್ಲಿ ಇಲ್ಲ ಅಂದ.

ಸರಿಯಾದ ಮೂಗಿನವರು ಮೂರು ಜನ ಬಂದರು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು, ಕಾಲೇಜಿನ ಮೇಡಂ, ಸೆಂಟು ಅಂಗಡಿಯವನು. ಕಾರು ಇಳಿದ ಕೂಡಲೇ ಮೂವರ ಮುಖವೂ ಹಿಂಡಿಕೊಂಡಿತು. ಮೇಡಂ ಅತ್ತೆಯ ಬಾಗಿಲ ಮುಂದೆಯೇ ಬಗ್ಗಿ ವಾಂತಿ ಮಾಡಿಕೊಂಡರು. ಅತ್ತೆ ಓಡಿಹೋಗಿ ಲೋಟದಲ್ಲಿ ನೀರು ತಂದರು. ಮೇಡಂ ಲೋಟ ನೋಡಿದರು, ಅತ್ತೆಯ ಕೈ ನೋಡಿದರು, ಬೇಡವೆಂದು ತಲೆಯಾಡಿಸಿದರು. ಬ್ಯಾಂಕಿನ ಹಿರಿಯರು, "ಇಲ್ಲಿ ಮನುಷ್ಯರು ಹೇಗಿರ್ತಾರೆ ಮಾರಾಯ್ರೆ?" ಅಂತ ಅತ್ತೆಗೆ ಬೆನ್ನು ಹಾಕಿ ಕೇಳಿದರು.

ಆವತ್ತು ಬಂದ ಅಂಕ ಐದು.

ನಾಲ್ಕು ದಾಟಿತ್ತು. ಓಣಿಯಲ್ಲಿ ಕುಣಿದಾಡಿದೆವು. ಅತ್ತೆ ಮಾತ್ರ ಆ ನೀರಿನ ಲೋಟ ಹಿಡಿದುಕೊಂಡೇ ಕೂತಿದ್ದರು. ಇನ್ನೊಂದು ಸಲ ಮೂಸಬೇಕು, ಎರಡೂ ಸಲ ಬಂದರೇನೇ ಗಟ್ಟಿ, ಅಂತ ಸಾಹೇಬ ದಿನ ಗೊತ್ತು ಮಾಡಿ ಹೋದ.

ಆ ದಿನಕ್ಕೆ ಓಣಿ ತೊಳೆಯಬೇಕು ಅಂತ ಹಟ ಹಿಡಿದವರು ಅತ್ತೆಯೇ.

"ಬೇಡ ಅತ್ತೆ," ಅಂದೆ. "ಇದ್ದ ಹಾಗೇ ಮೂಸ್ಲಿ ಬಿಡಿ."

"ನಿನಗೆ ನಾಚಿಕೆ ಅನ್ನೋದು ಇದೆಯೇನೇ? ನನ್ನ ಬಾಗಿಲಲ್ಲಿ ಕಾರ್ಕೊಂಡು ಹೋದ್ಲು ಅವಳು. ನಾತ ಕಾರ್ಖಾನೆದು, ನಮ್ಮದಲ್ಲ. ನಮ್ಮದೆಲ್ಲ ತೊಳೆದಿಟ್ಬಿಟ್ರೆ ಆಮೇಲೆ ಉಳಿಯೋದೆಲ್ಲ ಕಾರ್ಖಾನೆದೇ ಅಂತ ಅವರಿಗೂ ಗೊತ್ತಾಗುತ್ತೆ. ಅಷ್ಟೂ ತಿಳಿಯಲ್ವಾ ನಿನಗೆ?"

ಮಾತು ಸರಿಯಾಗಿಯೇ ಇತ್ತು. ನ್ಯಾಯವಾಗಿ ಯೋಚಿಸುವವರ ಎದುರು ಅದು ಗೆಲ್ಲುತ್ತಿತ್ತು ಕೂಡ.

ಇಡೀ ಓಣಿ ಸೊಂಟ ಕಟ್ಟಿ ನಿಂತಿತು. ಚರಂಡಿಯ ಹೂಳು ಬರಿಗೈಯಲ್ಲಿ ಎತ್ತಿದೆವು. ಗೋಡೆ ಉಜ್ಜಿದೆವು, ಹೊದಿಕೆ ಒಗೆದೆವು, ಹೊಸ್ತಿಲು ತಿಕ್ಕಿದೆವು. ಆಮೇಲೆ ಫಿನಾಯಿಲ್ ಸುರಿದೆವು. ಎಷ್ಟು ಹಾಕಬೇಕು? ಮೂಸಿ ನೋಡಿದೆವು, ಏನೂ ಗೊತ್ತಾಗಲಿಲ್ಲ. ಇನ್ನಷ್ಟು ಹಾಕಿದೆವು. ಮತ್ತೆ ಮೂಸಿದೆವು. ಇದೇನು ನೀರು ಬೆರೆಸಿ ಮಾರಿದ್ದಾನೆ ಅಂತ ಅಂಗಡಿಯವನನ್ನು ಬಯ್ದು ಇನ್ನೂ ನಾಲ್ಕು ಡಬ್ಬ ತಂದು ಸುರಿದೆವು. ಗುಬ್ಬಿ ಕಣ್ಣುಜ್ಜಿಕೊಳ್ಳುತ್ತ, "ಸಾಕಮ್ಮ, ಹಾಕ್ಬೇಡಿ, ಉರಿಯುತ್ತೆ," ಅಂದಳು. ಮಕ್ಕಳ ಮೂಗು ಲೆಕ್ಕಕ್ಕಿಲ್ಲ ಅನ್ನುವುದನ್ನು ನಾವೂ ಕಲಿತುಬಿಟ್ಟಿದ್ದೆವೋ ಏನೋ, ಅವಳನ್ನು ಮನೆಯೊಳಗೆ ಕೂರಿಸಿ ಕೆಲಸ ಮುಂದುವರಿಸಿದೆವು.

ಮೂವರೂ ಬಂದರು. ಈ ಸಲ ಮುಖ ಹಿಂಡಲಿಲ್ಲ. ಹಂಡೆಗಳು ಎಂದಿನಂತೆ ಕುದಿಯುತ್ತಿದ್ದವು, ಹೊಗೆ ಗೋಡೆ ದಾಟಿ ನಮ್ಮ ಮೇಲೆಯೇ ಇಳಿಯುತ್ತಿತ್ತು. ಮೇಡಂ ಉಸಿರೆಳೆದು, "ಆಸ್ಪತ್ರೆ ಥರ ಇದೆ," ಅಂದರು. ಅತ್ತೆಯ ಮುಖ ಅರಳಿತು. ಈ ಸಲ ಕೊಟ್ಟ ನೀರನ್ನು ಮೇಡಂ ಕುಡಿದರು.

ಅಂಕ ಮೂರು.

ಸಾಹೇಬನ ಹಿಂದೆ ಓಡಿದೆ. "ಸಾರ್, ಅದು ಫಿನಾಯಿಲ್! ನಾವು ಹಾಕಿದ್ದು! ಕೆಳಗೆ ನಾತ ಹಾಗೇ ಇದೆ, ನಾಳೆ ಬಂದು ನೋಡಿ."

ಪಕ್ಕದಲ್ಲಿ ಕಾರ್ಖಾನೆಯ ಮ್ಯಾನೇಜರ್ ನಿಂತಿದ್ದ. ಅವನಿಗೆ ನಗು ತಡೆಯಲಾಗಲಿಲ್ಲ. "ಕೇಳಿದ್ರಲ್ಲ ಸಾರ್? ತೊಳೆದ್ರು, ಹೋಯ್ತು. ತೊಳೆದ್ರೆ ಹೋಗುತ್ತೆ ಅಂದ್ಮೇಲೆ ಅದು ಯಾರದು? ನನ್ನ ಹಂಡೆ ಆವತ್ತೂ ಕುದೀತಿತ್ತು, ಇವತ್ತೂ ಕುದೀತಿದೆ."

ಸಾಹೇಬ ಗಲ್ಲ ತುರಿಸಿಕೊಂಡ. ಅವನ ಕಣ್ಣಲ್ಲಿ ಏನೋ ಹೊಳೆದದ್ದು ಕಂಡೆ. "ಅದರಲ್ಲಿ ತರ್ಕ ಇದೆ," ಅಂದ. "ಐದರಲ್ಲಿ ಮೂರು ಕಳೆದ್ರೆ ಎರಡು. ಆ ಎರಡು ಓಣಿಯದ್ದು. ಉಳಿದ ಮೂರರಲ್ಲೂ ಜನರ ಪಾಲು ಎಷ್ಟು, ಕಾರ್ಖಾನೆ ಪಾಲು ಎಷ್ಟು ಅಂತ ನೋಡಬೇಕಾಗುತ್ತೆ. ಇಲ್ಲಾಂದ್ರೆ ಕಾರ್ಖಾನೆಗೆ ಅನ್ಯಾಯ ಆಗುತ್ತೆ."

ಕಾರ್ಖಾನೆಗೆ ಅನ್ಯಾಯ. ಆ ಮಾತನ್ನು ಅವನು ಮನಸ್ಸಿನಿಂದಲೇ ಹೇಳಿದ.

ಜನರ ಪಾಲು ತಿಳಿಯಬೇಕಾದರೆ ಜನರನ್ನು ಮೂಸಬೇಕು. ಓಣಿಯಲ್ಲಿ ಎಲ್ಲರಿಗಿಂತ ಹಳಬರು ಅತ್ತೆ. ಮ್ಯಾನೇಜರ್ ಅವರ ಹೆಸರನ್ನೇ ಹೇಳಿದ. ಪಾಳಿ ಮುಗಿದ ಕೂಡಲೇ ಹಂಡೆಯಿಂದ ಎದ್ದು ನೇರ ಆಫೀಸಿಗೆ ಬರಬೇಕು, ಮೈ ತೊಳೆಯಬಾರದು, ಬಟ್ಟೆ ಬದಲಿಸಬಾರದು. ತೊಳೆದರೆ ಅಳತೆ ಕೆಡುತ್ತದಂತೆ.

"ಹೋಗ್ಬೇಡಿ ಅತ್ತೆ."

"ಹೋಗ್ದಿದ್ರೆ ಅಳುಕಿದ್ರು ಅಂತಾರೆ. ನಮ್ಮ ಗುಬ್ಬಿಗೋಸ್ಕರ ಕಣೇ. ನನ್ನದು ಒಂದೋ ಒಂದೂವರೆನೋ ಬರುತ್ತೆ, ನೋಡ್ತಿರು. ದಿನಾ ಎರಡು ಸಲ ಮೈ ತೊಳೆಯೋಳು ನಾನು."

ಮ್ಯಾನೇಜರನ ಕೋಣೆಯಲ್ಲಿ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರು, ಅತ್ತೆ ಅದರ ಮೇಲೆ ನಿಲ್ಲಬೇಕು. ಫ್ಯಾನು ಆರಿಸಿ ಕಿಟಕಿ ಮುಚ್ಚಿದರು. ನನ್ನನ್ನು ಒಳಗೆ ಬಿಡಲಿಲ್ಲ, ನನ್ನದೂ ಬೆರೆಯುತ್ತದೆ ಅಂತ. ಬಾಗಿಲ ಗಾಜಿನಲ್ಲಿ ನೋಡಿದೆ. ಅತ್ತೆಯ ಕೂದಲಿಗೆ ಕೊಬ್ಬು ಮೆತ್ತಿಕೊಂಡಿತ್ತು. ಅಂಗಿ ಬೆನ್ನಿಗೆ ಅಂಟಿತ್ತು. ಏನೋ ಹೇಳಲು ಬಾಯಿ ತೆರೆದರು. "ಮಾತಾಡಬೇಡಿ ಅಮ್ಮ, ಉಸಿರು ಬೆರೆಯುತ್ತೆ," ಅಂದ ಸಾಹೇಬ.

ಮೊದಲು ಬ್ಯಾಂಕಿನವರು. ಕೈ ಹಿಂದೆ ಕಟ್ಟಿಕೊಂಡು ಅತ್ತೆಯ ಕುತ್ತಿಗೆಯ ಹತ್ತಿರ ಬಗ್ಗಿದರು. ಎಳೆದರು, ಹಿಂದೆ ಸರಿದರು. ಆಮೇಲೆ ಮೇಡಂ. ಅವರು ಕಣ್ಣು ಮುಚ್ಚಿಕೊಂಡೇ ಮೂಸಿದರು. ಮೊನ್ನೆ ಅತ್ತೆಯ ಕೈಯಿಂದ ನೀರು ಕುಡಿದವರು. ಕೊನೆಗೆ ಸೆಂಟು ಅಂಗಡಿಯವನು. "ಕೈ ಎತ್ತಿ," ಅಂದ. ಅತ್ತೆಗೆ ಅರ್ಥವಾಗಲಿಲ್ಲ. ಅವನು ತನ್ನ ಕೈ ಎತ್ತಿ ತೋರಿಸಿದ. ಅತ್ತೆ ಎತ್ತಿದರು. ಮೊಮ್ಮಗಳಿರುವ ಹೆಂಗಸು, ಗಂಡ ಸತ್ತ ಮೇಲೆ ಓಣಿಯ ಗಂಡಸರ ಮುಂದೆ ತಲೆ ಎತ್ತಿ ಜೋರಾಗಿ ನಕ್ಕವರಲ್ಲ. ಎರಡೂ ಕೈ ಎತ್ತಿ, ಪೊಲೀಸರ ಕೈಗೆ ಸಿಕ್ಕ ಕಳ್ಳನ ಹಾಗೆ ನಿಂತರು. ಅವನು ಕಂಕುಳಿಗೆ ಮೂಗಿಟ್ಟ. ಅತ್ತೆ ಗೋಡೆಯನ್ನು ನೋಡುತ್ತಿದ್ದರು. ನಾನು ಗಾಜಿಗೆ ಗುದ್ದಿದೆ. ಕಾವಲುಗಾರ ನನ್ನ ರಟ್ಟೆ ಹಿಡಿದು ಎಳೆದ.

ಒಬ್ಬರ ಅಂಕ ಇನ್ನೊಬ್ಬರು ನೋಡಬಾರದು, ಅದು ನಿಯಮ. ಮೂವರೂ ಕೈ ಮರೆಮಾಡಿ ಬರೆದರು. ಅತ್ತೆ ಹೊರಗೆ ಬರುವ ಮೊದಲೇ ಮ್ಯಾನೇಜರ್ ಮೇಜಿನ ಕೆಳಗಿಂದ ಸೆಂಟಿನ ಡಬ್ಬ ತೆಗೆದು ಅವರು ನಿಂತಿದ್ದ ಕಡೆ ಪುಸ್ಸಂತ ಹೊಡೆದ.

ನಾಲ್ಕೂವರೆ. ಸಾಹೇಬ ಹೊರಗೆ ಬಂದು ಅತ್ತೆಗೇ ಹೇಳಿದ, ಮುಚ್ಚಿಡಬಾರದಲ್ಲ.

"ಆ ವಾಸನೆ ಎಲ್ಲಿಂದ ಬಂತು ಸಾರ್?" ಅಂದೆ. "ಕಾರ್ಖಾನೆ ಹಂಡೆ ಒಳಗೆ ಇಳಿದಾಗ ಹತ್ತಿದ ವಾಸನೆ ಅದು. ಅವರ ತಾಯಿ ಹೊಟ್ಟೆಯಿಂದ ತಂದಿದ್ದಲ್ಲ."

"ಎಲ್ಲಿಂದ ಬಂತು ಅನ್ನೋದನ್ನ ಮೂಗು ಹೇಳಲ್ಲಮ್ಮ. ಎಷ್ಟಿದೆ ಅಂತ ಮಾತ್ರ ಹೇಳುತ್ತೆ. ಮೈ ಮೇಲಿತ್ತು, ಮೈದು ಅಂತ ಬರ್ಕೋಬೇಕು."

ಅತ್ತೆ ಮನೆಗೆ ಬಂದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು. ನೀರಿನ ಸದ್ದು ಕೇಳುತ್ತಿತ್ತು, ಬ್ರಷ್ಷಿನ ಸದ್ದು ಕೇಳುತ್ತಿತ್ತು. ಹಂಡೆ ಉಜ್ಜುವ ಬ್ರಷ್ಷಿಗೆ ಬೇರೆಯೇ ಸದ್ದು, ಅದು ನನಗೆ ಗೊತ್ತು. ಬಾಗಿಲು ಬಡಿದೆ. ಗಂಡ ಒದ್ದು ಚಿಲಕ ಮುರಿದ. ಅತ್ತೆ ಕಾಸ್ಟಿಕ್ ಕಲಸಿಕೊಂಡು ಕುತ್ತಿಗೆ, ಕಂಕುಳು, ತೋಳು ತಿಕ್ಕುತ್ತಿದ್ದರು. ಚರ್ಮ ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗೆ ಸುಲಿದು ಬರುತ್ತಿತ್ತು. ಅಳುತ್ತಿರಲಿಲ್ಲ. ಹಂಡೆ ತೊಳೆಯುವಾಗ ಹಲ್ಲು ಕಚ್ಚುತ್ತಾರಲ್ಲ, ಹಾಗೆ ಕಚ್ಚಿಕೊಂಡಿದ್ದರು.

ಆಸ್ಪತ್ರೆಯಲ್ಲಿ ನರ್ಸು, "ಯಾರಮ್ಮ ಹೀಗೆ ಮಾಡಿದ್ದು?" ಅಂತ ಕೇಳಿದಳು.

"ಯಾರೂ ಇಲ್ಲ. ತೊಳ್ಕೊಂಡೆ."

ಬ್ಯಾಂಡೇಜು ಸುತ್ತಿ ಮಲಗಿಸಿದ ಮೇಲೆ ನನ್ನನ್ನು ಹತ್ತಿರ ಕರೆದರು. "ಈಗ ಎಷ್ಟು ಬರಬಹುದೇ?" ಅಂತ ಕೇಳಿದರು.

ಆವತ್ತು ನನಗೆ ಕೊಲ್ಲಬೇಕು ಅನ್ನಿಸಿತು. ಯಾರನ್ನು ಅಂತ ಹೇಳುವುದಿಲ್ಲ.

ಜನರ ಅಹವಾಲು ಕೇಳುವ ಸಭೆ ಕಾರ್ಖಾನೆಯ ಗೋದಾಮಿನಲ್ಲಿ ನಡೆಯಿತು. ವೇದಿಕೆಯ ಮೇಲೆ ಸಾಹೇಬ, ಮ್ಯಾನೇಜರ್. ಕೆಳಗೆ ಓಣಿಯವರು. ಸಾಹೇಬ ಓದಿದ: ಕಾರ್ಖಾನೆ ಬಿಡುವ ವಾಸನೆಗಿಂತ ನಿವಾಸಿಗಳಿಂದ ಬರುವುದೇ ಹೆಚ್ಚು, ಹೊಸ ಹಂಡೆಗಳಿಂದ ಗಮನಿಸುವಂಥ ವ್ಯತ್ಯಾಸ ಆಗುವುದಿಲ್ಲ. ಓದಿ ತಲೆ ಎತ್ತಿದ. "ಒಬ್ಬರನ್ನೇ ಅಳೆದು ಇಡೀ ಓಣಿ ಬಗ್ಗೆ ಹೇಳೋದು ಸರಿಯಲ್ಲ ಅಂತ ನನಗೂ ಅನ್ನಿಸ್ತು. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಇನ್ನೂ ನಾಲ್ಕು ಜನ ಬಂದ್ರೆ ಸರಾಸರಿ ತೆಗೀಬಹುದು. ಕಡಿಮೆನೂ ಆಗಬಹುದು. ಯಾರು ಬರ್ತೀರಾ?"

"ಬಂದವರಿಗೆ ಅರ್ಧ ದಿನ ರಜೆ," ಅಂದ ಮ್ಯಾನೇಜರ್.

ನನ್ನ ಗಂಡ ನೆಲ ನೋಡುತ್ತಿದ್ದ. ಅವನು ಹುಟ್ಟಿದಾಗಿನಿಂದ ನೆಲ ನೋಡಿಕೊಂಡೇ ಬಂದವನು, ತಪ್ಪು ಅವನದಲ್ಲ.

"ನಾನು ಬರ್ತೀನಿ," ಅಂತ ಎದ್ದೆ.

ಸಾಹೇಬನಿಗೆ ಸಮಾಧಾನವಾಯಿತು. "ಬನ್ನಿ ಅಮ್ಮ, ಬನ್ನಿ."

ವೇದಿಕೆ ಹತ್ತಿದೆ. ಅವನ ಅಂಗಿಯ ಕಾಲರು ಹಿಡಿದೆ. ಹಂಡೆ ಕೆರೆದ ಕೈ, ಬಿಡಿಸಿಕೊಳ್ಳಲು ಅವನಿಂದಾಗಲಿಲ್ಲ. ಕುತ್ತಿಗೆಗೆ ಮೂಗಿಟ್ಟು ಎಳೆದೆ. ಕಿವಿಯ ಹಿಂದೆ ಎಳೆದೆ.

"ಏನಮ್ಮ ಇದು, ಬಿಡಿ..."

"ಮಾತಾಡ್ಬೇಡಿ ಸಾರ್, ಉಸಿರು ಬೆರೆಯುತ್ತೆ. ಕೈ ಎತ್ತಿ."

ಎತ್ತಲಿಲ್ಲ. ನಾನೇ ಎತ್ತಿದೆ. ಕಂಕುಳಿಗೆ ಮೂಗಿಟ್ಟೆ. ಅವನ ಹಣೆಯ ಮೇಲೆ ಬೆವರು ಮೂಡಿತ್ತು. ಎಲ್ಲರೆದುರು ಮೂಸಿಸಿಕೊಳ್ಳುವುದು ಅಂದರೇನು ಅಂತ ಅವನ ಕಣ್ಣಿಗೆ ಒಂದು ಗಳಿಗೆ ಗೊತ್ತಾಯಿತು. ನಾನು ನೋಡಿದೆ. ಬಿಡಲಿಲ್ಲ.

"ಸೊನ್ನೆ," ಅಂತ ಕೂಗಿದೆ. "ಬರ್ಕೊಳ್ಳಿ. ನಮ್ಮ ಮೂಗು ಸತ್ತಿದೆ ಅಂತ ನೀವೇ ಹೇಳಿದ್ರಲ್ಲ? ಈ ಸತ್ತ ಮೂಗಿಗೆ ನೀವು ಇಲ್ಲ. ನಿಮ್ಮ ಮ್ಯಾನೇಜರ್ ಇಲ್ಲ. ನಿಮ್ಮ ಕಾನೂನೂ ಇಲ್ಲ. ಎಲ್ಲ ಸೊನ್ನೆ. ಥೂ!"

ಕಾವಲುಗಾರರು ನನ್ನನ್ನು ಕೂದಲು ಹಿಡಿದು ಕೆಳಗೆಳೆದರು. ಮೆಟ್ಟಿಲಿಗೆ ಮಂಡಿ ಬಡಿದು ರಕ್ತ ಬಂತು. ಆಗ ನನ್ನ ಗಂಡ ಎದ್ದು ನಿಂತ. ಮೊದಲ ಸಲ ಅವನ ಗಂಟಲು ಗೋದಾಮಿನ ಮಾಡಿಗೆ ತಾಗುವಂತೆ ಕೇಳಿತು. "ಇನ್ನು ಮುಂದೆ ನಮ್ಮ ಮೈನ ಯಾವ ನಾಯಿಯೂ ಮೂಸೋ ಹಾಗಿಲ್ಲ. ಏಳ್ರೋ!"

ಎದ್ದರು. ಒಬ್ಬರೂ ಉಳಿಯದೆ ಎದ್ದು ಹೊರಟರು. ಖಾಲಿ ಬೆಂಚುಗಳ ಮುಂದೆ ಸಾಹೇಬ ಕಾಲರು ಸರಿಮಾಡಿಕೊಳ್ಳುತ್ತ ನಿಂತಿದ್ದ.

ಇಲ್ಲಿಗೆ ನಿಲ್ಲಿಸಿದರೆ ಕೇಳುವವರಿಗೆ ಚೆನ್ನಾಗಿರುತ್ತದೆ. ಆದರೆ ಎದ್ದು ಹೊರಟವರಿಗೆ ಬೆಳಗಾದರೆ ಹೊಟ್ಟೆಯಿರುತ್ತದೆ. ನಿವಾಸಿಗಳು ಅಳತೆಗೆ ಸಹಕರಿಸಲಿಲ್ಲ ಅಂತ ಬರೆದುಕೊಂಡರು. ಅನುಮತಿ ಸಿಕ್ಕಿತು. ನನ್ನನ್ನು ಕೆಲಸದಿಂದ ತೆಗೆದರು. ಪೇಟೆಯಲ್ಲಿ ಮೆಟ್ಟಿಲು ಒರೆಸುವ ಕೆಲಸ ಹಿಡಿದೆ. ಗಂಡ ಗಾಡಿಯ ಕೆಲಸ ಬಿಡಲಿಲ್ಲ. ಓಣಿಯ ಮನೆಗಳು ಕಾರ್ಖಾನೆಯವು, ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕಿತ್ತು. ಅತ್ತೆಯ ತೋಳು ಮಾಯಿತು, ಮಾದ ಚರ್ಮ ಬಿಗಿದುಕೊಂಡು ಕೈ ಹೆಗಲಿಗಿಂತ ಮೇಲೆ ಏಳದಾಯಿತು. ತಲೆ ಬಾಚಿಸಿಕೊಳ್ಳಲು ಗುಬ್ಬಿಯ ಮುಂದೆ ಕೂರುತ್ತಾರೆ.

ಹಿಂಗೋಡೆಗೆ ತಾಗಿಕೊಂಡು ಮೂರು ಹಂಡೆ ಎದ್ದವು. ಮುಚ್ಚಳ ತೆಗೆದರೆ ಆವಿ ನೇರ ನಮ್ಮ ಕಿಟಕಿಗೆ ನುಗ್ಗಿ ಗೋಡೆಯೆಲ್ಲ ಒದ್ದೆಯಾಗುತ್ತದೆ. ಮೊದಮೊದಲು ಗುಬ್ಬಿ ಬಕೆಟ್ಟು ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಿದ್ದಳು. ಹಳದಿ ನೀರು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಇವಳು ಉಳಿಯುವುದಿಲ್ಲ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡುಬಿಟ್ಟಿದ್ದೆ.

ಆಮೇಲೆ ಒಂದು ಮಧ್ಯಾಹ್ನ ಮೆಟ್ಟಿಲು ಒರೆಸಿ ಮನೆಗೆ ಬಂದೆ. ಕಿಟಕಿ ತೆರೆದೇ ಇತ್ತು. ಮೂರೂ ಹಂಡೆ ಕುದಿಯುತ್ತಿದ್ದವು. ಗುಬ್ಬಿ ತನ್ನ ಅಪ್ಪನ ತೊಡೆಯ ಮೇಲೆ ಕೂತು ಊಟ ಮಾಡುತ್ತಿದ್ದಳು. ಅವನು ಗಾಡಿಯಿಂದ ಇಳಿದು ಹಾಗೇ ಬಂದಿದ್ದ, ಅಂಗಿಯ ಮುಂಭಾಗವೆಲ್ಲ ಕಪ್ಪು ನೆತ್ತರು. ಅವಳು ಅವನ ಎದೆಗೆ ಒರಗಿಕೊಂಡು ಅಗಿಯುತ್ತಿದ್ದಳು. ತಟ್ಟೆ ಖಾಲಿಯಾಗಿತ್ತು.

"ನೋಡೇ, ನೋಡೇ!" ಅಂತ ಅತ್ತೆ ಅಳುತ್ತ ನಗುತ್ತಿದ್ದರು. "ಎರಡನೇ ಸಲ ಹಾಕಿಸ್ಕೊಂಡ್ಲು. ಒಂದು ಸಲಾನೂ ಕಾರ್ಲಿಲ್ಲ. ನನ್ನ ಬಂಗಾರ ಗೆದ್ಲು ಕಣೇ."

ಗಂಡನೂ ನಗುತ್ತಿದ್ದ. ಮಗಳು ತೊಡೆಯ ಮೇಲೆ ಕೂತದ್ದೇ ಅವನಿಗೆ ಹಬ್ಬವಾಗಿತ್ತು. ಅವರಿಬ್ಬರಿಗೂ ಹೇಳುವ ಧೈರ್ಯ ನನಗೆ ಬರಲಿಲ್ಲ. ನನ್ನ ಮಗಳ ಮೂಗು ಸತ್ತಿತ್ತು. ಅವಳನ್ನು ಎಳೆದುಕೊಂಡು ಅಪ್ಪಿದೆ, ನೆತ್ತಿಗೆ ಮುಖ ಒತ್ತಿದೆ. ನನಗೂ ಏನೂ ಬರಲಿಲ್ಲ.

ಹಂಡೆಗಳು ಬಂದು ಆರು ತಿಂಗಳಿಗೆ ಸಾಹೇಬ ಮತ್ತೆ ಬಂದ. ಕಟ್ಟಿದ ಮೇಲೆ ಏನಾಯಿತು ಅಂತಲೂ ನೋಡಬೇಕಂತೆ. ಈ ಸಲ ಮೂಸುವವರು ಇರಲಿಲ್ಲ, ತೂಕದ ಯಂತ್ರ ತಂದಿದ್ದ. ನನ್ನ ಕಡೆ ನೋಡಲಿಲ್ಲ. ಓಣಿಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದ. ಗುಬ್ಬಿ ತಾನಾಗಿಯೇ ಓಡಿಹೋಗಿ ಯಂತ್ರದ ಮೇಲೆ ಹತ್ತಿದಳು. ಕೆನ್ನೆ ತುಂಬಿಕೊಂಡಿತ್ತು, ಕಾಲು ಗಟ್ಟಿಯಾಗಿದ್ದವು. ಸಾಹೇಬ ಬಗ್ಗಿ ಮುಳ್ಳು ನೋಡಿದ. ಅವನ ಮುಖ ನಿಜವಾಗಿಯೂ ಅರಳಿತು.

"ತುಂಬ ಚೆನ್ನಾಗಿ ಬೆಳೆದಿದೆ ಮಗು," ಅಂದ. "ಹಂಡೆ ಬಂದ್ಮೇಲೆ ತೂಕ ಜಾಸ್ತಿನೇ ಆಗಿದೆ. ನೋಡಿ ಅಮ್ಮ, ನಾನು ಆವತ್ತೇ ಹೇಳಿದ್ದೆ. ಅನಿಸಿಕೆ ಬೇರೆ, ಅಂಕಿ ಬೇರೆ." ಬರೆದುಕೊಳ್ಳಲು ತಲೆ ತಗ್ಗಿಸಿದ.

ಗುಬ್ಬಿ ಯಂತ್ರದ ಮೇಲೆ ನಿಂತೇ ನನ್ನ ಕಡೆ ತಿರುಗಿದಳು. ಅಜ್ಜಿಯ ಸುಟ್ಟ ತೋಳನ್ನು ಒಂದು ಸಲ ನೋಡಿದಳು.

"ಅಮ್ಮ, ನನ್ನದು ಜಾಸ್ತಿ ಬಂತಾ? ಜಾಸ್ತಿ ಬಂದ್ರೆ ಒಳ್ಳೇದಾ, ಕೆಟ್ಟದ್ದಾ?"

"ಇಳಿ ಕೆಳಗೆ," ಅಂದೆ.